ಹೊಳೆಮ್ಮನ ಕುದುರೆ ನಿಂತ ಬಾಗಿಲು

ನಮ್ಮೂರು ಮೆಟ್ರಿಯಲ್ಲಿ ಮದುವೆಯ ಹಿಂದಿನ ಸಂಜೆ ಮದುಮಗ ಕುದುರೆ ಏರಿ ಊರು ಸುತ್ತುತ್ತಾನೆ. ಕುದುರೆ ಯಾರ ಬಾಗಿಲಲ್ಲಿ ನಿಲ್ಲುತ್ತದೋ ಆ ಮನೆಯವರು ಹೊರಗೆ ಬಂದು ಅದರ ಕಾಲಿಗೆ ಒಂದು ಕೊಡ ನೀರು ಹಾಕಬೇಕು. ಹಾಕಿದ ಮೇಲೆಯೇ ಮೆರವಣಿಗೆ ಮುಂದಕ್ಕೆ. ಹಾಕದಿದ್ದರೆ ಮದುಮಗನಿಗೆ ಕೇಡು ಬಯಸಿದಂತೆ. ಎಂಥ ಹಗೆಯವರೂ ಆ ಒಂದು ಕೊಡಕ್ಕೆ ಇಲ್ಲವೆಂದದ್ದಿಲ್ಲ. ಕುದುರೆ ಎಲ್ಲಿ ನಿಲ್ಲಬೇಕು ಎಂಬುದು ಮಾತ್ರ ಲಗಾಮು ಹಿಡಿದವರ ಕೈಯಲ್ಲಿ.

ಆ ಲಗಾಮು ಹೊಳೆಮ್ಮನದು.

ಅವಳ ಅಪ್ಪ ಕಂಪ್ಲಿಯಲ್ಲಿ ಜಟಕಾ ಹೊಡೆಯುತ್ತಿದ್ದ. ಆಟೋಗಳು ಬಂದ ಮೇಲೆ ಗಾಡಿ ಮುರಿದು ಒಲೆಗೆ ಹೋಯಿತು, ಕುದುರೆ ಉಳಿಯಿತು. ಗಂಡುಮಕ್ಕಳಿಲ್ಲದ ಮನೆ, ಅಪ್ಪನ ಕೈಯಿಂದ ಲಗಾಮು ನೇರವಾಗಿ ಹೊಳೆಮ್ಮನ ಕೈಗೆ ಬಂತು. ಈಗಿರುವ ಕಸ್ತೂರಿ ಆ ಕುದುರೆಯ ಮೊಮ್ಮಗಳು. ಹುರಿದ ಹುಣಸೆಬೀಜದ ಬಣ್ಣ, ಮೈಮೇಲೆ ಎಲ್ಲೂ ಒಂದು ಬಿಳಿ ಚುಕ್ಕೆಯಿರಲಿಲ್ಲ. ಹೊಸಪೇಟೆಯಲ್ಲಾಗಲಿ ಸಂಡೂರಿನಲ್ಲಾಗಲಿ ಮದುವೆಯಿದ್ದರೆ ಇಬ್ಬರೂ ಟೆಂಪೊದಲ್ಲಿ ಅಕ್ಕಪಕ್ಕ ನಿಂತು ಹೋಗುತ್ತಿದ್ದರು. ಗಂಡ ಓಬಳೇಶ ತೋರಣಗಲ್ಲಿನಲ್ಲಿ ಗುತ್ತಿಗೆ ಕೆಲಸದವನು. ಪಾಳಿ ಮುಗಿಸಿ ಬಂದು, "ನನ್ನ ಜೋಡಿ ಮಾತಾಡಾಕಿಂತ ಕುದುರಿ ಜೋಡಿನ ಹೆಚ್ಚು ಮಾತಾಡ್ತಿ ನೀನು" ಎಂದು ಗೊಣಗುತ್ತಿದ್ದ. "ಅದು ತಿರುಗಿ ಮಾತಾಡಂಗಿಲ್ಲಲ್ಲ," ಎನ್ನುತ್ತಿದ್ದಳು ಹೊಳೆಮ್ಮ.

ದಿನವೂ ಬೆಳಿಗ್ಗೆ ಅವಳು ಕುದುರೆಯನ್ನು ಕಾಲುವೆಯ ಏರಿಯ ಮೇಲೆ ನಡೆಸಿಕೊಂಡು ಹೋಗಿ ಮೈ ತೊಳೆದು ತರುತ್ತಿದ್ದಳು. ಏರಿಯ ಒಂದು ಮಗ್ಗುಲಿಗೆ ದೊಡ್ಡಬಸಪ್ಪ ಗೌಡರ ಬಾಳೆತೋಟ. ಏರಿಯೂ ತೋಟದ್ದೇ ಎಂದು ಗೌಡರು ಎಂದೋ ತೀರ್ಮಾನಿಸಿಬಿಟ್ಟಿದ್ದರು.

"ಏ ಹೊಳೆಮ್ಮ, ನಿನ್ನ ಕುದುರಿ ಕಾಲು ಇನ್ನೊಮ್ಮೆ ಈ ಏರಿ ಮ್ಯಾಲೆ ಕಾಣಬಾರ್ದು ನೋಡು."

"ಏರಿ ಕಾಲುವಿದು ಗೌಡ್ರ. ನಿಮ್ಮ ಬಾಳಿ ಎಲಿ ಒಂದೂ ಮುಟ್ಟಿಲ್ಲ ನನ್ನ ಕುದುರಿ."

"ಹೇಳೀನಿ. ಆಮ್ಯಾಲೆ ಅಳಬ್ಯಾಡ."

ಆ ವಾರ ಕಳೆಯುವುದರೊಳಗೆ ಏರಿಗೆ ಅಡ್ಡಲಾಗಿ ಒಂದು ಉಕ್ಕಿನ ತಂತಿ ಬಂತು. ಗಣಿಯ ಗುಜರಿಯಲ್ಲಿ ಸಿಗುವಂಥದ್ದು. ಹುಲ್ಲಿನ ಎತ್ತರಕ್ಕೆ ಬಿಗಿದು ಕಟ್ಟಿದ್ದರಿಂದ ಕಾಣುವಂತಿರಲಿಲ್ಲ. ಎಳೆಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಕಸ್ತೂರಿಯ ಮುಂಗಾಲು ದಾಟಿತು, ಹಿಂಗಾಲು ಸಿಕ್ಕಿಕೊಂಡಿತು. ಬೆದರಿ ಎಳೆದಷ್ಟೂ ತಂತಿ ಒಳಕ್ಕಿಳಿಯಿತು. ಹೊಳೆಮ್ಮ ಕೈಯಿಂದಲೇ ಬಿಡಿಸುವಷ್ಟರಲ್ಲಿ ಮಂಡಿಯ ಕೆಳಗಿನ ಚರ್ಮ ಕಾಲ್ಚೀಲದಂತೆ ಸುಲಿದು ಗೊರಸಿನ ಮೇಲೆ ಇಳಿದಿತ್ತು. ಒಳಗೆ ಬೆಳ್ಳಗೆ ಕಂಡದ್ದು ಮೂಳೆ.

ಗೌಡರು ತೋಟದೊಳಗಿಂದ ನಿಧಾನಕ್ಕೆ ಬಂದರು. ಹಲ್ಲುಜ್ಜುವ ಬ್ರಶ್ ಇನ್ನೂ ಬಾಯಲ್ಲೇ ಇತ್ತು.

"ಹಂದಿ ಬರ್ತಾವಂತ ಕಟ್ಟಿದ್ದೆ," ಎಂದರು. ಬಗ್ಗಿ ನೋಡಿದರು. "ಇದಿನ್ನ ಉಳಿಯಂಗಿಲ್ಲ ಬಿಡು. ಒಂದು ಸೂಜಿ ಹಾಕ್ಸಿ ಮಲಗಿಸಿಬಿಡು. ಗುಂಡಿ ತೋಡಾಕ ನನ್ನ ಜೆಸಿಬಿ ಕಳಿಸ್ತೀನಿ."

ಹೊಳೆಮ್ಮ ಕುದುರೆಯ ಪಕ್ಕ ಕುಕ್ಕರಿಸಿದಳು. ತಲೆಯ ಮೇಲಿದ್ದ ಸೆರಗನ್ನು ಹರಿದು ಕಾಲಿಗೆ ಸುತ್ತಿದಳು. ಅಂದಿನಿಂದ ಅವಳೊಳಗೆ ಆ ಜೆಸಿಬಿ ನಿಂತೇ ಇತ್ತು, ಇಂಜಿನ್ನು ಆರಿಸದೆ.

ಪೊಲೀಸರು ಬಂದು, ಹಂದಿಗೆ ಕಟ್ಟಿದ ತಂತಿ ಎಂಬ ಮಾತನ್ನೇ ಕೇಳಿ ಹೋದರು. ಕಂಪ್ಲಿಯಿಂದ ಪಶುವೈದ್ಯೆ ಶಿಲ್ಪಶ್ರೀ ಬಂದರು. ಚಿಕ್ಕ ವಯಸ್ಸಿನವರು, ನೆಲದ ಮೇಲೆ ಕೂತೇ ಕೆಲಸ ಮಾಡುವವರು. ಧನುರ್ವಾಯುವಿನ ಸೂಜಿ ಕೊಟ್ಟು, ಸತ್ತ ಚರ್ಮ ಕತ್ತರಿಸಿ ತೆಗೆದು ಹೇಳಿದರು: "ಹಿಂದಿನ ನರ ಉಳಿದಿದೆ, ಅದು ಪುಣ್ಯ. ಹೊಲಿಯೋಕೆ ಚರ್ಮವೇ ಇಲ್ಲ, ಒಳಗಿಂದ ತುಂಬ್ಕೊಂಡು ಬರಬೇಕು. ದಿನಾ ಪೈಪಿನಲ್ಲಿ ತಣ್ಣೀರು ಬಿಡಿ, ಸಣ್ಣಗೆ, ತುಂಬಾ ಹೊತ್ತು. ಪಟ್ಟಿ ಬಿಗಿಯಾಗಿ ಕಟ್ಟಿ. ನಾನು ಹೇಳೋವರೆಗೂ ನಡೆಸಬೇಡಿ."

"ನಡೀತೈತೇನ್ರಿ ಮೇಡಂ?"

"ನೋಡೋಣ."

"ನೋಡೂಣ ಅನಬ್ಯಾಡ್ರಿ. ಇದು ಒಂದು ಬಾಗಲ ತನಕ ನಡೀಬೇಕು. ಆಮ್ಯಾಲೆ ಬೇಕಿದ್ರ ಮನ್ಯಾಗ ಕುಂದರ್ಲಿ."

ಯಾರ ಬಾಗಿಲು ಎಂದು ವೈದ್ಯೆ ಕೇಳಲಿಲ್ಲ. ಊರಿಗೆ ಕೇಳುವ ಅಗತ್ಯವೂ ಇರಲಿಲ್ಲ.

ಆ ನಂತರದ ಬೆಳಗುಗಳೆಲ್ಲ ಒಂದೇ ಥರ. ಬೇವಿನೆಲೆಯ ಹೊಗೆ ಹಾಕಿ ನೊಣ ಓಡಿಸುವುದು, ಹಳೆಯ ಪಟ್ಟಿ ನೆನೆಸಿ ಬಿಡಿಸುವುದು, ಕುಕ್ಕರಗಾಲಲ್ಲಿ ಕೂತು ನೀರು ಬಿಡುವುದು. ಮೊದಮೊದಲು ಕಸ್ತೂರಿ ಒದೆಯುತ್ತಿತ್ತು. ಹೊಳೆಮ್ಮನ ಮುಂಗೈ ಬಾತುಕೊಂಡದ್ದನ್ನು ಓಣಿಯೆಲ್ಲ ನೋಡಿದೆ. ಬರಬರುತ್ತ ನೀರು ಬಿದ್ದೊಡನೆ ಅದರ ಮೈ ಸಡಿಲಾಗತೊಡಗಿತು. ಕಣ್ಣು ಅರ್ಧ ಮುಚ್ಚಿ, ಕತ್ತು ಹಿಂದಕ್ಕೆ ಹೊರಳಿಸಿ, ಕೂತವಳ ಹೆಗಲ ಮೇಲೆ ಮೂತಿ ಇಟ್ಟು ಒಂದು ಉದ್ದನೆಯ ಉಸಿರು ಬಿಡುತ್ತಿತ್ತು. ಆ ಬಿಸಿಯುಸಿರು ಕತ್ತಿಗೆ ತಾಗುವಾಗ ಹೊಳೆಮ್ಮ ಅದರ ಕಿವಿಯಲ್ಲಿ ಹೇಳುತ್ತಿದ್ದ ಮಾತು ಜೋಗುಳವಲ್ಲ. "ಜೆಸಿಬಿ ಕಳಿಸ್ತಾನಂತ. ಕೇಳ್ಸಿತೇನ? ಜೆಸಿಬಿ."

ಗಾಯ ಕೆಂಪಗೆ ತುಂಬತೊಡಗಿತು. ದಾಳಿಂಬೆ ಬಿರಿದಂತೆ ಮಾಂಸ ಉಬ್ಬಿ ಬಂತು. ಹೊಳೆಮ್ಮ ಓಣಿಯವರನ್ನು ಕರೆಕರೆದು ತೋರಿಸಿದಳು. "ನೋಡ್ರಿ, ಮೂಳಿ ಮುಚ್ಚೇತಿ. ಮ್ಯಾಲೆ ಎದ್ದು ಬಂದೈತಿ!" ಅಷ್ಟರಲ್ಲಿ ಊರಲ್ಲಿ ಒಂದು ಮದುವೆ ಗೊತ್ತಾಯಿತು. ವೈದ್ಯೆಗೆ ಹೇಳಿದರೆ ಬೇಡ ಎನ್ನುತ್ತಾರೆಂದು ತಿಳಿದೇ, ಅಷ್ಟು ದೂರ ನಡೆದೀತೇ ನೋಡಲು ಒಂದು ಮುಂಜಾನೆ ಪಟ್ಟಿ ಬಿಚ್ಚಿ ಕಸ್ತೂರಿಯನ್ನು ಹೊರಗೆ ಹೊರಡಿಸಿದಳು. ಗೌಡರ ಬೀದಿಯ ತಿರುವಿನವರೆಗೂ ಅದು ಕುಂಟುತ್ತ ಬಂತು. ತಿರುವಿನಲ್ಲಿ ನಿಂತುಬಿಟ್ಟಿತು. ಕೆಂಪು ಮಾಂಸ ಅಡ್ಡಕ್ಕೆ ಸೀಳಿ ರಕ್ತ ಗೊರಸಿನಿಂದ ಮಣ್ಣಿಗಿಳಿಯುತ್ತಿತ್ತು. ಗೌಡರ ಮನೆಯ ಗೇಟು ಅಲ್ಲಿಂದ ಕಾಣುತ್ತಿತ್ತು.

ಶಿಲ್ಪಶ್ರೀ ನೋಡಿದವರೇ ಕೈಚೀಲ ನೆಲಕ್ಕೆ ಕುಕ್ಕಿದರು. "ಇದು ವಾಸಿಯಾಗಿದ್ದಲ್ಲ ಹೊಳೆಮ್ಮ, ಕೆಟ್ಟ ಮಾಂಸ. ಕುದುರೆ ಕಾಲಿಗೆ ಇದೇ ದೊಡ್ಡ ಶತ್ರು. ಹಿಂಗೆ ಉಬ್ಬಿದ್ರೆ ಮೇಲೆ ಚರ್ಮ ಹತ್ತೋದೇ ಇಲ್ಲ. ಉಬ್ಬಿದ ದಿನವೇ ನನಗೆ ಹೇಳಬೇಕಿತ್ತು. ನಡೆಸಿದ್ದು ಯಾರ ಅವಸರಕ್ಕೆ? ಇದರದ್ದಾ, ನಿಮ್ಮದಾ?"

ಹೊಳೆಮ್ಮ ತಲೆ ತಗ್ಗಿಸಿ ಕಸ್ತೂರಿಯ ಮೂತಿ ಹಿಡಿದು ನಿಂತಳು. ವೈದ್ಯೆ ಆ ಮಾಂಸವನ್ನೆಲ್ಲ ಚರ್ಮದ ಮಟ್ಟಕ್ಕೆ ಕೊಯ್ದು ತೆಗೆದರು. ತಾನು ಊರಿಗೆಲ್ಲ ತೋರಿಸಿ ಮೆರೆದದ್ದು ಬಕೀಟಿನಲ್ಲಿ ಬಿದ್ದದ್ದನ್ನು ಅವಳು ನೋಡುತ್ತಲೇ ಇದ್ದಳು.

ಮತ್ತೆ ಮೊದಲಿನಿಂದ. ಈ ಸಲ ಅವಳು ಅವಸರಪಡಲಿಲ್ಲ. ಊರ ಮದುವೆಗಳು ಬಂದವು, ಕಾರುಗಳ ಮೇಲೆ ಹೂ ಕಟ್ಟಿಕೊಂಡು ಹೋದವು. ಗೌಡರು ಒಮ್ಮೆ ಬೈಕ್ ನಿಲ್ಲಿಸಿ, "ಇನ್ನೂ ಐತೇನ ಅದು?" ಎಂದು ನಕ್ಕರು. ಹೊಳೆಮ್ಮ ನೀರು ಬಿಡುವುದನ್ನು ನಿಲ್ಲಿಸಲಿಲ್ಲ. "ಐತ್ರಿ ಗೌಡ್ರ. ನಿಮ್ಮನ್ನ ಕೇಳ್ತೈತಿ," ಎಂದಳು. ಓಬಳೇಶ ಅದನ್ನು ಕೇಳಿಸಿಕೊಂಡು, "ಬಿಟ್ಟುಬಿಡು ಮಾರಾಯ್ತಿ, ಬದುಕ್ತಲ್ಲ ಸಾಕು," ಎಂದ. "ಬದುಕ್ಲಿ ಅಂತ ಮಾಡಿಲ್ಲ ನಾನು," ಎಂದವಳು, ಹಾಗೆಂದದ್ದು ತನಗೇ ಕೇಳಿಸಿದಂತಾಗಿ ಪೈಪಿನ ಕಡೆ ತಿರುಗಿದಳು.

ಚರ್ಮ ಅಂಚಿನಿಂದ ಒಳಕ್ಕೆ, ಹೊಳೆಯ ದಡ ಒಣಗಿದ ಹಾಗೆ, ಎಳೆಎಳೆಯಾಗಿ ಬಂತು. ಮಳೆಗಾಲ ಹೋಗಿ ಚಳಿ ಬಂದಾಗ ಅದರ ಮೇಲೆ ಕೂದಲು ಹುಟ್ಟಿತು. ಬಿಳಿಯ ಕೂದಲು.

"ಗಾಯ ಆದ ಕಡೆ ಹಂಗೇ ಬರುತ್ತೆ," ಎಂದರು ಶಿಲ್ಪಶ್ರೀ. "ಇನ್ನು ಬಣ್ಣ ತಿರುಗಲ್ಲ."

"ಯಾವತ್ತೂ?"

"ಯಾವತ್ತೂ."

ಹೊಳೆಮ್ಮ ನಕ್ಕದ್ದನ್ನು ಅಂದು ಬಹಳ ದಿನಗಳ ಮೇಲೆ ನೋಡಿದೆವು.

ಯಶವಂತನಗರದ ಗಣಿಯಲ್ಲಿ ಕೆಲಸಕ್ಕಿದ್ದ ನಮ್ಮ ಓಣಿಯ ಪಂಪೇಶನ ಮದುವೆ ಗೊತ್ತಾದಾಗ ಕಸ್ತೂರಿ ನೆಟ್ಟಗೆ ನಡೆಯುತ್ತಿತ್ತು. ವೈದ್ಯೆ ಕಾಲನ್ನು ಮಡಿಸಿ, ಒತ್ತಿ, ಓಡಿಸಿ ನೋಡಿ ಒಪ್ಪಿದ್ದರು. ಕುದುರೆಯನ್ನು ಸಿಂಗರಿಸುತ್ತಿದ್ದ ಪಂಪೇಶನ ಅವ್ವ, "ಆ ಬಿಳಿ ಪಟ್ಟಿಗೆ ಒಂಚೂರು ಮದರಂಗಿ ಹಚ್ಚು ಹೊಳೆಮ್ಮ, ಮುಚ್ಚಿ ಹೋಗ್ತೈತಿ," ಎಂದಳು.

"ಮುಚ್ಚಾಕ ಬೆಳೆದಿಲ್ಲವ್ವ ಅದು."

ಸಂಜೆ ಬ್ಯಾಂಡು ಶುರುವಾಯಿತು. ಕಸ್ತೂರಿ ಕಿವಿ ಕುಣಿಸುತ್ತ ಊರು ಸುತ್ತಿತು. ಗೌಡರ ಬೀದಿಯ ತಿರುವು ಬಂದಾಗ ಹೊಳೆಮ್ಮ ಒಮ್ಮೆ ನೆಲ ನೋಡಿದಳು. ತಿರುವು ದಾಟಿತು. ಗೌಡರ ಗೇಟಿನ ಎದುರು ಅವಳು ಲಗಾಮು ಹಿಡಿದೆಳೆದು ನಿಂತಳು.

ಗೌಡರ ಹೆಂಡತಿ ಬಸಕ್ಕ ಕೊಡ ತಂದು ಮುಂಗಾಲುಗಳಿಗೆ ನೀರು ಹಾಕಿದಳು. ಕುದುರೆ ಕದಲಲಿಲ್ಲ. ಬ್ಯಾಂಡಿನವರು ಒಂದು ಹಾಡು ಮುಗಿಸಿ ಮತ್ತೊಂದು ಹಿಡಿದರು, ಅದೂ ಅರ್ಧಕ್ಕೆ ನಿಂತಿತು.

"ನೀರು ಹಾಕೀನಲ್ಲೇ ಹೊಳೆಮ್ಮ."

"ನಿನ್ನ ಕೈಯಾಗ ಏನ್ ತಪ್ಪೈತವ್ವ. ಮನಿ ಯಜಮಾನ್ರು ಬರ್ಲಿ."

ಕುದುರೆಯ ಮೇಲಿಂದ ಪಂಪೇಶ, "ಜಲ್ದಿ ಬರ್ರಿ ಗೌಡ್ರ, ಹೆಣ್ಣಿನವರು ಓಡಿ ಹೋದಾರು!" ಎಂದ. ಯಾರೋ ಕಿಸಕ್ಕನೆ ನಕ್ಕರು. ಮದುಮಗನೇ ಕರೆದ ಮೇಲೆ ಒಳಗೆ ಕೂರುವ ಹಾಗಿರಲಿಲ್ಲ. ಇಸ್ತ್ರಿ ಮಾಡಿದ ಪಂಚೆಯ ಗೌಡರು ಹೊರಗೆ ಬಂದು, ಹೆಂಡತಿ ತುಂಬಿ ತಂದ ಕೊಡವನ್ನು ದೂರದಿಂದಲೇ ಎತ್ತಿದರು.

"ಹಿಂಗಾಲಿಗ್ರಿ," ಎಂದಳು ಹೊಳೆಮ್ಮ. "ಬಿಳೇದು ಐತಲ್ಲ, ಅದಕ್ಕ. ಬಗ್ಗಿ ಹಾಕ್ರಿ, ಸಣ್ಣಗ. ಡಾಕ್ಟ್ರು ಹೇಳ್ಯಾರ."

ಗೌಡರು ಬಗ್ಗಿದರು. ಪಂಚೆಯ ಅಂಚು ಕೆಸರಿಗೆ ತಾಗಿತು. ಬಿಳಿ ಪಟ್ಟಿಯ ಮೇಲೆ ನೀರು ಎಳೆಯಾಗಿ ಇಳಿಯಿತು. ಈ ಗಳಿಗೆಯನ್ನು ಹೊಳೆಮ್ಮ ಅದೆಷ್ಟು ಬೆಳಗು ಕೂತು ಮನಸ್ಸಿನಲ್ಲೇ ಕಟ್ಟಿದ್ದಳು! ಅದರಲ್ಲಿ ಕುದುರೆ ಕಿವಿ ಹಿಂದಕ್ಕೆ ಮಡಚುತ್ತಿತ್ತು, ಗೌಡರನ್ನು ಗುರುತು ಹಿಡಿಯುತ್ತಿತ್ತು, ಒದ್ದರೂ ಒದೆಯಬಹುದಿತ್ತು.

ನೀರು ತಾಗಿದೊಡನೆ ಕಸ್ತೂರಿಯ ಮೈ ಸಡಿಲಾಯಿತು. ಕಣ್ಣು ಅರ್ಧ ಮುಚ್ಚಿತು. ಕತ್ತು ಹೊರಳಿಸಿ, ಬಗ್ಗಿದ ಗೌಡರ ಹೆಗಲ ಮೇಲೆ ಮೂತಿ ಇಟ್ಟು ಉದ್ದನೆಯ ಉಸಿರು ಬಿಟ್ಟಿತು.

ಹೊಳೆಮ್ಮ ಲಗಾಮನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

ಗೌಡರು ಬಗ್ಗಿದಲ್ಲಿಂದಲೇ ಮುಖವೆತ್ತಿದರು. ಹಗುರಾದವರಂತೆ ಕಂಡರು. "ನೋಡು ಹೊಳೆಮ್ಮ," ಎಂದರು, "ಇದರ ಮನಸ್ಸಿನ್ಯಾಗ ಏನೂ ಇಲ್ಲ."

"ಅದು ಕುದುರಿ ಗೌಡ್ರ," ಎಂದಳು ಅವಳು. "ನಾ ಕುದುರಿ ಅಲ್ಲ. ಇನ್ನೊಂದು ಕೊಡ ತರ್ರಿ."

ಗೌಡರು ಖಾಲಿ ಕೊಡ ಹಿಡಿದು ಒಳಗೆ ಹೋದರು. ನಲ್ಲಿಯಿಂದ ನೀರು ಬೀಳುವ ಸದ್ದು ಬೀದಿಯವರೆಗೂ ಕೇಳಿಸುತ್ತಿತ್ತು. ಕಸ್ತೂರಿ ಆ ಸದ್ದಿನ ಕಡೆಗೆ ಕಿವಿ ತಿರುಗಿಸಿ ಕಾಯುತ್ತ ನಿಂತಿತ್ತು.