ನರ ಹಚ್ಚದ ಬಿಲ್ಲು

ಮೂರು ವರ್ಷದ ಹಿಂದಿನ ಮಾತು. ದೇವದುರ್ಗ ತಾಲೂಕಿನ ಒಂದು ಹಳ್ಳಿ ಶಾಲೆಗೆ ನನಗೆ ವರ್ಗವಾಗಿತ್ತು. ದಿನಾ ಮಾನ್ವಿಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಶಾಲೆಯ ಹಿಂದಿನ ಬಯಲಿನಲ್ಲಿ ಕುರಿ ಕಾಯುವ ಅಮರಪ್ಪ ಎಂಬ ಹಿರಿಯರು ಬಿಡುವಾದಾಗ ಬೇವಿನ ಟೊಂಗೆಗೆ ತೆಂಗಿನ ಚಿಪ್ಪು ಕಟ್ಟಿ ಅದಕ್ಕೆ ಗುರಿಯಿಟ್ಟು ಬಾಣ ಬಿಡುತ್ತಿದ್ದರು. ಬಿಲ್ಲೂ ಅವರದೇ ಕೈಕೆಲಸ, ಬಾಣವೂ ಅವರದೇ. ನನಗೋ ಕಂಡದ್ದನ್ನೆಲ್ಲ ಕಲಿಯುವ ಹುಚ್ಚು. ಒಂದು ಮಧ್ಯಾಹ್ನ ಹೋಗಿ, "ಯಪ್ಪಾ, ನನಗೂ ಕಲಿಸ್ರಿ" ಎಂದೆ.

"ಅಕ್ಕೋರ, ಚಾಕ್‌ಪೀಸ್ ಹಿಡಿಯೋ ಕೈ ಅವು, ಬೊಬ್ಬಿ ಬರ್ತಾವ ನೋಡ್ರಿ" ಎಂದು ನಕ್ಕರು.

ಬಂದೇ ಬಂದವು. ಹೆಬ್ಬೆರಳಿಗೆ ಚರ್ಮದ ಉಂಗುರ ಹಾಕಿಕೊಂಡು, ಆ ಒಂದು ಬೆರಳಿನ ಬಲದಿಂದಲೇ ಹೆದೆಯನ್ನು ಕಿವಿಯವರೆಗೆ ಎಳೆಯಬೇಕು. ಮೊದಲ ತಿಂಗಳು ನನ್ನ ಬಾಣ ಚಿಪ್ಪೊಂದನ್ನು ಬಿಟ್ಟು ಬೇರೆ ಎಲ್ಲದಕ್ಕೂ ತಾಗಿತು. ಅಮರಪ್ಪನವರು ಒಂದು ದಿನವೂ ಬೇಸರ ಮಾಡಿಕೊಳ್ಳಲಿಲ್ಲ. ಅವರ ಹೆಂಡತಿ ಹುಲಿಗೆಮ್ಮ ಮಜ್ಜಿಗೆ ತಂದವರು, ನಾನು ಆಚಾರ್ಯರ ಮನೆ ಸೊಸೆ ಎಂದು ಕೊಡಲು ಹಿಂಜರಿದರು. "ನನಗ ಅದೆಲ್ಲ ಇಲ್ಲ ಯವ್ವಾ" ಎಂದು ಗಟಗಟ ಕುಡಿದೆ. ಹಾಗೆ ಹೇಳಿದ್ದಕ್ಕೆ ನನ್ನ ಬಗ್ಗೆ ನನಗೇ ಭಾರಿ ಹೆಮ್ಮೆಯಾಗಿತ್ತು.

ದಸರಾ ಹತ್ತಿರ ಬಂದಾಗ ನನ್ನದೇ ಬಿಲ್ಲು ಮಾಡಿಕೊಳ್ಳಲು ಶುರು ಮಾಡಿದೆ. ಬಿದಿರು ಸೀಳಿ, ಕೆಂಡದ ಮೇಲೆ ಕಾಸಿ ಬಗ್ಗಿಸಿಕೊಟ್ಟವರು ಅಮರಪ್ಪನವರು. ಉಳಿದದ್ದು ಒಂದೇ ಕೆಲಸ. ಒಣಗಿಸಿ ಜಜ್ಜಿದ ಕುರಿಯ ನರವನ್ನು ಎಳೆ ಎಳೆಯಾಗಿ ಬಿಡಿಸಿ, ಚರ್ಮ ಕುದಿಸಿ ಮಾಡಿದ ಅಂಟಿನಲ್ಲಿ ಅದ್ದಿ, ಬಿಲ್ಲಿನ ಬೆನ್ನಿಗೆ ಹಚ್ಚಬೇಕು. "ಬಿದಿರಿಗೆ ಅದೇ ಬಲ. ನರ ಇದ್ದ ಬಿಲ್ಲು ಎಷ್ಟು ಎಳದ್ರೂ ಮುರಿಯಂಗಿಲ್ಲ. ಬಿಲ್ಲು ಯಾರದೋ ಅವ್ರ ಕೈಲೇ ಹಚ್ಚಬೇಕ್ರಿ" ಎಂದು ನರದ ಕಟ್ಟನ್ನೂ ಅಂಟಿನ ಡಬ್ಬಿಯನ್ನೂ ಕೊಟ್ಟು ಕಳಿಸಿದರು.

ಸಂಜೆ ಮಾನ್ವಿಗೆ ಬಂದು, ಮನೆಯ ಹೊಸ್ತಿಲಲ್ಲೇ ನಿಂತು ಅತ್ತೆಗೆ ವಿಷಯ ಹೇಳಿದೆ. "ಮಡೀಲೆ ನೈವೇದ್ಯ ಆಗೋ ಮನಿ ಇದು. ಕುರಿ ನರ ಒಳಗ ತಂದಿ ಅಂದ್ರ ನಾ ಮಠಕ್ಕ ಹೋಗಿ ಕೂಡ್ತೀನಿ ನೋಡು" ಎಂದರು. ಅತ್ತೆಯ ಮೇಲೆ ಹೊರಿಸಿ ನಾನು ಪಾರಾಗಬಹುದು. ಆದರೆ ನಿಜ ಹೇಳುತ್ತೇನೆ, ಆ ಕಟ್ಟನ್ನು ಮುಟ್ಟಲು ನನಗೇ ಹೇಸಿಗೆಯಾಗಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಚೀಲವನ್ನು ತೊಡೆಯ ಮೇಲಿಟ್ಟುಕೊಳ್ಳದೆ ಸೀಟಿನ ಕೆಳಗೆ ತಳ್ಳಿದ್ದೆ. ವಾಪಸ್ ಒಯ್ದು "ಯಪ್ಪಾ, ನೀವೇ ಹಚ್ಚಿಕೊಡ್ರಿ" ಎಂದಿದ್ದರೆ ಮುಗಿಯುತ್ತಿತ್ತು. ನನಗೆ ಅದೆಲ್ಲ ಇಲ್ಲ ಎಂದು ಅವರ ಮನೆಯ ಮಜ್ಜಿಗೆ ಕುಡಿದವಳು, ಯಾವ ಮುಖ ಇಟ್ಟುಕೊಂಡು ಹೇಳಲಿ? ಹಾಗೇ ತಿರುಗಿ ಹೋಗಿ ಬಸ್ ಸ್ಟ್ಯಾಂಡಿನ ಹಿಂದೆ ಕಟ್ಟನ್ನು ನಾಯಿಗಳಿಗೆ ಎಸೆದುಬಂದೆ. ಹಗ್ಗ ಹೊಸೆಯುವ ಪುಂಡಿನಾರು ತಂದು, ಬಡಗಿಗಳು ಬಳಸುವ ಬಿಳಿ ಅಂಟಿನಿಂದ ಹಚ್ಚಿ, ಮೇಲೆ ಬಟ್ಟೆ ಸುತ್ತಿ ಕೆಂಪು ಬಣ್ಣ ಬಳಿದೆ. ನೋಡಲು ಬಲು ಚೆಂದವಿತ್ತು. ಆಯುಧಪೂಜೆಯ ದಿನ ಅತ್ತೆ ಅದಕ್ಕೆ ಕುಂಕುಮವನ್ನೂ ಇಟ್ಟರು.

ರಜೆ ಮುಗಿದ ಮೊದಲ ದಿನ ಬಿಲ್ಲು ತೆಗೆದುಕೊಂಡು ಹೋದೆ. ಹೊಸ ಬಿಲ್ಲನ್ನು, ವಿದ್ಯೆ ಕಲಿಸಿದವರೇ ಮೊದಲು ಎಳೆದು ಕೊಡುವುದು ಅವರ ಪದ್ಧತಿಯಂತೆ. ನನಗದು ಗೊತ್ತಿರಲಿಲ್ಲ.

"ನರ ಛಲೋ ಹತ್ಯಾವೇನ್ರಿ ಅಕ್ಕೋರ?"

"ಹತ್ಯಾವ ಯಪ್ಪಾ" ಎಂದೆ. ನಾಲಿಗೆ ತಡವರಿಸಲೂ ಇಲ್ಲ.

ಒಂದು ಸಲ ಅರ್ಧ ಎಳೆದರು. ಎರಡನೇ ಸಲ ಇನ್ನಷ್ಟು. ಸಾಕು ಎನ್ನಬೇಕೆಂದು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಮೂರನೇ ಸಲ ನರವನ್ನು ನಂಬಿ ಕಿವಿಯವರೆಗೆ ಎಳೆದರು. ಫಟ್ ಎಂದಿತು. ಅಮರಪ್ಪನವರು ಮುಖ ಹಿಡಿದುಕೊಂಡು ಕುಸಿದರು. ಬೆರಳ ಸಂದಿಯಿಂದ ರಕ್ತ ಸುರಿಯುತ್ತಿತ್ತು. ಬಿದಿರಿನ ಸಿಬಿರು ಬಲಗಣ್ಣಿಗೇ ಹೊಕ್ಕಿತ್ತು. ಆಟೋದಲ್ಲಿ ದೇವದುರ್ಗಕ್ಕೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ರಾಯಚೂರಿಗೆ ಓಡಿದೆವು. ಕಣ್ಣು ಉಳಿಯಲಿಲ್ಲ.

ಎರಡು ದಿನ ಬಿಟ್ಟು ನೋಡಲು ಹೋದಾಗ, ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದ ಅವರೇ ನನಗೆ ಸಮಾಧಾನ ಹೇಳಿದರು. "ಅಳಬ್ಯಾಡ್ರಿ ಅಕ್ಕೋರ. ಬಿದಿರು ನಾನೇ ಜಾಸ್ತಿ ಕಾಸಿಬಿಟ್ಟೆ. ವಯಸ್ಸಾತು, ನನ್ನ ಕೈ ಕೆಟ್ಟಾವ. ನಿಮಗ ಬಡಿದಿದ್ರ ಏನ್ ಗತಿ ಇತ್ತು!" ನಾನು ಅವರ ಹೊದಿಕೆ ಸರಿಮಾಡಿ ಬಸ್ಸಿಗೆ ಹೊರಟೆ. ಬಿಲ್ಲಿನ ತುಂಡುಗಳನ್ನು ಅಷ್ಟರಲ್ಲಾಗಲೇ ಬಚ್ಚಲ ಒಲೆಗೆ ಹಾಕಿ ಸುಟ್ಟಿದ್ದೆ. ಎಂಥ ಹೆಂಗಸು ನಾನು!

ಅವರು ಮತ್ತೆ ಬಿದಿರು ಮುಟ್ಟಲಿಲ್ಲ. ಬಿಲ್ಲು ಕೇಳಿಕೊಂಡು ಬಂದವರನ್ನೂ "ನನ್ನ ಕೈ ಈಗ ನಂಬಂಗಿಲ್ರಿ" ಎಂದು ವಾಪಸ್ ಕಳಿಸಿದರಂತೆ. ಹುಲಿಗೆಮ್ಮ ಇದನ್ನು ಹೇಳಿದ ಮೇಲೆ ನನಗೆ ಅನ್ನ ಸೇರದಾಯಿತು. ಕಣ್ಣನ್ನಂತೂ ಕೊಡಲಾರೆ, ಅವರ ಕೈ ಮೇಲಿನ ನಂಬಿಕೆಯನ್ನಾದರೂ ಅವರಿಗೆ ವಾಪಸ್ ಕೊಡೋಣ ಎನಿಸಿತು. ಯುಗಾದಿ ಮುಗಿದ ಮೇಲೆ ಹೋಗಿ, ಉಳಿದಿದ್ದ ಪುಂಡಿನಾರನ್ನು ಅವರ ಮುಂದಿಟ್ಟು ಎಲ್ಲವನ್ನೂ ಹೇಳಿದೆ. ನಾಯಿಗಳಿಗೆ ಎಸೆದದ್ದನ್ನೂ ಮುಚ್ಚಿಡಲಿಲ್ಲ.

ಅವರು ನಾರನ್ನು ಬೆರಳಲ್ಲಿ ಹೊಸೆದು ನೋಡಿ, ಪಕ್ಕಕ್ಕಿಟ್ಟು ನಕ್ಕರು. "ಸುಮ್ನಿರ್ರಿ ಅಕ್ಕೋರ. ಮಕ್ಕಳಿಗೆ ಬುದ್ಧಿ ಹೇಳೋರು ನೀವು, ನನ್ನ ಸಮಾಧಾನಕ್ಕ ಸುಳ್ಳ್ಯಾಕ ಹೇಳ್ತೀರಿ?"

"ದೇವರಾಣಿ ಖರೇ ಯಪ್ಪಾ!"

"ಆಣಿ ಮಾಡಬ್ಯಾಡ್ರಿ, ಪಾಪ ಹತ್ತತದ. ನೀವು ಅಂಥೋರಲ್ಲ, ನನಗ ಗೊತ್ತದ."

ಎಷ್ಟು ಹೇಳಿದರೂ ನಂಬಲಿಲ್ಲ. ಕೊನೆಗೆ ಅಳುತ್ತಾ ಎದ್ದುಬಂದೆ.

ಈಗಲೂ ಅದೇ ಶಾಲೆ, ಅದೇ ದಾರಿ. ಬೆಳಿಗ್ಗೆ ಅವರು ಮನೆ ಮುಂದಿನ ಕಟ್ಟೆಯ ಮೇಲೆ ಕೂತಿರುತ್ತಾರೆ. ಅವರ ಬಲಗಡೆಯಿಂದ ಹೋಗುವವರು ತಾವಾಗಿ ಮಾತಾಡಿಸಿದರೆ ಮಾತ್ರ ಅವರಿಗೆ ಗೊತ್ತಾಗುತ್ತದೆ. ಕೆಲವು ದಿನ ಮಾತಾಡಿಸುತ್ತೇನೆ. ಹೆಚ್ಚಿನ ದಿನ ಆ ಬಲಗಡೆಯಿಂದಲೇ, ಚಪ್ಪಲಿ ಸಪ್ಪಳವಾಗದ ಹಾಗೆ ದಾಟಿಬಿಡುತ್ತೇನೆ.