ಹಾಳೆಮೋರೆಯ ನಾಲ್ಕು ಹೆಸರು

ಮೊನ್ನೆ ರಕ್ತ ಪರೀಕ್ಷೆಗೆಂದು ಲ್ಯಾಬಿಗೆ ಹೋಗಿದ್ದೆ. ಅಲ್ಲಿನ ಹುಡುಗಿ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ನನ್ನ ತೋಳಿಗೆ ಒರೆಸಿದಳು. ಆ ವಾಸನೆಗೆ ಮೈ ತಣ್ಣಗಾಯಿತು. ಸೂಜಿಗೆ ಹೆದರಿದೆನೆಂದು ಅವಳು ನಕ್ಕಳು. ನನಗೆ ನೆನಪಾದದ್ದು ಕ್ಯಾಸೆಟ್ ಕಾಕ...

ತೊಂಬತ್ತರ ದಶಕದ ಕೊನೆ. ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಹಿಂದೆ ಅವರ ಅಂಗಡಿ. ಗಲ್ಫಿನಿಂದ ಬರುವಾಗ ತಂದ ಜೋಡಿ ಡೆಕ್ಕಿನ ಟೇಪ್‌ರೆಕಾರ್ಡರಿನಲ್ಲಿ ಕ್ಯಾಸೆಟ್ ಕಾಪಿ ಮಾಡಿಕೊಡುತ್ತಿದ್ದರು. ಪ್ರತಿ ಸಲವೂ ಮೊದಲು ಸ್ಪಿರಿಟ್ ಹತ್ತಿಯಿಂದ, ಟೇಪು ಉಜ್ಜಿ ಹೋಗುವ ಹೆಡ್ ಒರೆಸಲೇಬೇಕು, ಗಿರಾಕಿಗೆ ಬಸ್ಸು ತಪ್ಪಿದರೂ ಸರಿ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದವ. ಆಗ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಸೀಮೆಗೆಂದೇ ಒಂದು ವಿಶ್ವಕೋಶ ತರಲು ಸಮಿತಿಯಾಗಿತ್ತು. ಕಲಾ ವಿಭಾಗಕ್ಕೆ ನಾನು ಸಂಪಾದಕ. ಯಾರು ಒಳಗೆ, ಯಾರು ಹೊರಗೆ ಎಂದು ತೀರ್ಮಾನಿಸುವ ಕೆಲಸ ತಲೆಗೇರುತ್ತದೆ, ನನಗೂ ಏರಿತ್ತು.

ಒಂದು ಮಧ್ಯಾಹ್ನ ಕಾಕ ನನ್ನನ್ನು ಕರೆದು ಕೂರಿಸಿ ಒಂದು ಕ್ಯಾಸೆಟ್ ಹಾಕಿದರು. ಗಿಟಾರು, ಡ್ರಮ್ಮು, ಗಂಟಲು ಹರಿಯುವಂತೆ ತುಳುವಿನಲ್ಲಿ ಬೊಬ್ಬೆ. 'ಇದಕ್ಕೆ ಪಂಕ್ ಅಂತ ಹೇಳ್ತಾರಂತೆ. ಇವರನ್ನೂ ನಿಮ್ಮ ಪುಸ್ತಕಕ್ಕೆ ಸೇರಿಸಿ ಮಾಸ್ಟ್ರೇ' ಎಂದರು.

ಹಾಳೆಮೋರೆ ಎಂಬ ಆ ತಂಡದ ಬಗ್ಗೆ ವಿದ್ಯಾರ್ಥಿಗಳ ಪಿಸುಮಾತು ನನ್ನ ಕಿವಿಗೂ ಬಿದ್ದಿತ್ತು. ನಾಲ್ವರು ಹುಡುಗರು. ಅಡಿಕೆ ಹಾಳೆಗೆ ಕಣ್ಣಿನ ತೂತು ಕೊರೆದು ಮುಖವಾಡ ಮಾಡಿಕೊಂಡು, ಮುಚ್ಚಿದ ಹಂಚಿನ ಕಾರ್ಖಾನೆಯಲ್ಲೋ ಖಾಲಿ ಗೋದಾಮಿನಲ್ಲೋ ಹಾಡುತ್ತಿದ್ದರು. ಪೋಸ್ಟರಿಲ್ಲ, ಟಿಕೆಟಿಲ್ಲ, ಬಾಯಿಂದ ಬಾಯಿಗೆ ಸುದ್ದಿ. ನನಗೆ ನಗು ಬಂತು. ಎರಡನೇ ಹಾಡಿಗೆ ನಗು ನಿಂತಿತು. ಘಟ್ಟದ ಬುಡದ ಕಲ್ಲುಕೋರೆಯೊಂದರಲ್ಲಿ ಮಣ್ಣು ಜರಿದು ಸತ್ತ ಇಬ್ಬರು ಕೂಲಿಗಳ ಹೆಸರು ಹಿಡಿದು ಕೂಗುತ್ತಿದ್ದರು. ಅದು ನಡೆದದ್ದು ಎಲ್ಲರಿಗೂ ಗೊತ್ತು, ಯಾವ ಪತ್ರಿಕೆಯಲ್ಲೂ ಬಂದಿರಲಿಲ್ಲ. ಕೋರೆ ಯಾರದ್ದೆಂದೂ ಎಲ್ಲರಿಗೂ ಗೊತ್ತಿತ್ತು. ನಮ್ಮ ಸಮಿತಿಯ ಗೌರವಾಧ್ಯಕ್ಷರಾದ ಧಣಿಗಳದ್ದು.

ನಾನು ನಿಯಮ ಹೇಳಿದೆ. ಎರಡು ಮುದ್ರಿತ ಆಧಾರ ಬೇಕು. ಕಲಾವಿದರ ನಿಜ ಹೆಸರು, ತಂದೆಯ ಹೆಸರು, ಊರು ಬೇಕು.

'ಪೇಪರಿನವರು ಬರೆದಿದ್ದರೆ ಇವರಿಗೆ ಬೊಬ್ಬೆ ಹಾಕುವ ಕೆಲಸವೇ ಇರ್ಲಿಲ್ಲ ಮಾರಾಯ್ರೇ' ಎಂದರು ಕಾಕ. ಹತ್ತಿ ಅದ್ದಿ ಹೆಡ್ ಒರೆಸಿದರು. 'ಕ್ಯಾಸೆಟ್ ಸವೆಯುತ್ತದೆ. ಪುಸ್ತಕದಲ್ಲಿ ಉಂಟು ಅಂತಾದರೆ, ಆ ಇಬ್ಬರು ಇರಲೇ ಇಲ್ಲ ಅಂತ ನಾಳೆ ಯಾರಿಗೂ ಹೇಳ್ಲಿಕ್ಕೆ ಆಗುವುದಿಲ್ಲ.'

ಆಧಾರದ ವಿಷಯ ನೋಡುವ, ಹೆಸರಿಲ್ಲದೆ ಮಾತ್ರ ಆಗದು ಎಂದೆ. ಮೂರು ವಾರ ಪೀಡಿಸಿದೆ. ಆ ಮುಖವಾಡಗಳ ಹಿಂದೆ ಯಾರೆಂದು ತಿಳಿಯುವ ಚಪಲ ನನಗೇ ಇತ್ತು. ಕೊನೆಗೆ ಕಾಕ ಕ್ಯಾಸೆಟ್ ಡಬ್ಬಿಯೊಳಗಿನ ರಟ್ಟಿನ ಹಿಂದೆ ನಾಲ್ವರ ಹೆಸರು, ಊರು ಬರೆದು ಕೊಟ್ಟರು. 'ನಿಮ್ಮ ಕಣ್ಣಿಗೆ ಮಾತ್ರ. ಓದಿ ಹರಿದುಬಿಡಿ. ಅವರು ನನ್ನನ್ನು ನಂಬಿದ್ದಾರೆ, ನಾನು ನಿಮ್ಮನ್ನು.'

ನಾನು ಹರಿಯಲಿಲ್ಲ. ಫಾರ್ಮು ತುಂಬಿಸಿ, ರಟ್ಟನ್ನು ಗುಂಡುಸೂಜಿಯಿಂದ ಅದಕ್ಕೇ ಚುಚ್ಚಿದೆ. ತಕರಾರಿರುವ ಕಡತಗಳು ಸಭೆಗೆ ಮೊದಲು ಗೌರವಾಧ್ಯಕ್ಷರ ಮನೆಯಲ್ಲಿ ಒಂದು ವಾರ ಇರುವುದು ವಾಡಿಕೆ. ರಟ್ಟು ತೆಗೆದಿಡಬೇಕೆಂದು ಹೊಳೆಯಲಿಲ್ಲವೆಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ನನ್ನ ಕಡತ ಅರೆಬರೆ ಎಂದು ಯಾರಾದರೂ ಆಡಿಕೊಂಡಾರೆಂಬ ಅಂಜಿಕೆ ಅದಕ್ಕಿಂತ ದೊಡ್ಡದಾಗಿತ್ತು.

ಬೆಳ್ತಂಗಡಿಯಲ್ಲಿ ಸಭೆ. ಧಣಿಗಳು ಕಡತವನ್ನು ತಾವೇ ನನ್ನ ಕೈಗಿಟ್ಟರು. 'ಪಾಪದ ಮಕ್ಕಳು. ಎಲ್ಲ ನಮ್ಮ ಗುರ್ತದ ಮನೆಯವರೇ... ಇವರದ್ದು ಬೇಡ ಅಲ್ವಾ ಮಾಸ್ಟ್ರೇ?' ಎಂದು ನಕ್ಕರು. ಬಿಚ್ಚಿ ನೋಡಿದೆ. ಗುಂಡುಸೂಜಿ ಇತ್ತು, ರಟ್ಟು ಇರಲಿಲ್ಲ. ಕೇಳಬಹುದಿತ್ತು... 'ಉಲ್ಲೇಖಾರ್ಹವಲ್ಲ' ಎಂದು ಬರೆದು ಸಹಿ ಹಾಕಿದೆ. ಗೋಳಿಬಜೆ, ಚಾ ಬಂತು. ಅಂದೇ ಹೋಗಿ ಕಾಕನಿಗೆ ಹೇಳಬೇಕಿತ್ತು. ನಾಳೆ ಹೇಳುವ ಎಂದುಕೊಂಡೆ.

ಮೂರನೇ ದಿನ ಬೆಳಿಗ್ಗೆ ಕಾಲೇಜಿಗೆ ಹೋಗುವಾಗ ಕಾಕನ ಅಂಗಡಿಯೆದುರು ಜನ ಸೇರಿದ್ದರು. ಮುಚ್ಚಿದ ಶಟರಿನ ಮುಂದೆ ಯಾರೋ ರಾತ್ರಿ ನಾಲ್ಕು ಹಾಳೆಯ ಮುಖವಾಡಗಳನ್ನು ಸಾಲಾಗಿ, ಅಂಗಾತ ಇಟ್ಟು ಹೋಗಿದ್ದರು. ಒಂದೊಂದರ ಮೇಲೂ ಒಂದೊಂದು ಕೋರೆಯ ಕಲ್ಲು. ಕಾಕ ಬಂದು ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟರು. ಮುಖವಾಡಗಳನ್ನು ಎದೆಗವಚಿಕೊಂಡು ಎದ್ದಾಗ ನನ್ನನ್ನು ಕಂಡರು.

'ನಾನು ನಿಮಗೆ ಮಾತ್ರ ಕೊಟ್ಟದ್ದು, ಮಾಸ್ಟ್ರೇ' ಎಂದರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಹುಡುಗರಲ್ಲಿ ಮೂವರು ಊರು ಬಿಟ್ಟರಂತೆ. ನಾಲ್ಕನೆಯವನ ಬಗ್ಗೆ ಕೇಳಿದರೆ ಅವನ ಮನೆಯವರು ಬಾಗಿಲು ಹಾಕಿಕೊಳ್ಳುತ್ತಿದ್ದರು. ಕಾಕ ಆ ಶಟರನ್ನು ಮತ್ತೆ ಎತ್ತಲಿಲ್ಲ. ಕೆಲವು ವರ್ಷಗಳ ಮೇಲೆ ಬಂಟ್ವಾಳದ ತಂಗಿಯ ಮನೆಯಲ್ಲಿ ತೀರಿಕೊಂಡರೆಂದು ಕೇಳಿದೆ. ಹೋಗಲು ನನಗೆ ಮುಖವಿರಲಿಲ್ಲ.

ವಿಶ್ವಕೋಶ ಈಗಲೂ ನನ್ನ ಕಪಾಟಿನಲ್ಲಿದೆ. ಧಣಿಗಳ ಬಗ್ಗೆ ಅದರಲ್ಲಿ ಒಂದೂವರೆ ಪುಟ, ಫೋಟೋ ಸಮೇತ. ಬರೆದವನು ನಾನೇ. ಮೊನ್ನೆ ಲ್ಯಾಬಿನಿಂದ ಬಂದವನು ಕಾಗದ ತೆಗೆದುಕೊಂಡು ಕುಳಿತೆ. ಆ ನಾಲ್ವರ ಹೆಸರು, ತಂದೆಯ ಹೆಸರು, ಊರು ಎಲ್ಲ ತಡವರಿಸದೆ ಬಂದವು. ಕೋರೆಯಲ್ಲಿ ಸತ್ತ ಆ ಇಬ್ಬರ ಹೆಸರು ಬರಲಿಲ್ಲ. ಅವು ಕ್ಯಾಸೆಟ್ಟಿನಲ್ಲಿದ್ದವು... ಕಾಕ ನನ್ನಿಂದ ಬಯಸಿದ್ದು ಆ ಎರಡನ್ನೇ. ಸಂಜೆಯವರೆಗೂ ಕುಳಿತೆ. ಎರಡು ಗೆರೆ ಖಾಲಿಯೇ ಉಳಿದವು.