ಲುವಾನ್‌ಳ ಕಾಲಿನ ಪಟ್ಟಿ

ತೈನಾನ್ ನಗರದ ನಮ್ಮ ಬೀದಿಯಲ್ಲಿ ಕ್ಷೌರದಂಗಡಿ ನಡೆಸುವ ಲುವಾನ್‌ಗೆ ಗರ್ಭಕೋಶದ ಶಸ್ತ್ರಚಿಕಿತ್ಸೆಯಾದ ಮರುವರ್ಷ ನೀರು ತುಂಬಿ ಎಡಗಾಲು ಬಾತುಕೊಂಡಿತು. ಫಿಸಿಯೋಥೆರಪಿಯ ಹುಡುಗ ಜಿಯಾಂಗ್ ಪಾದದಿಂದ ತೊಡೆಯವರೆಗೆ ಪಟ್ಟಿ ಸುತ್ತುವುದನ್ನು ಕಲಿಸಿ ಕಳಿಸಿದ. ಮನೆಯಲ್ಲಿ ಆಕೆ ಸ್ವಂತ ಬುದ್ಧಿ ಓಡಿಸಿದಳು. ನೀರು ಮೇಲಿನಿಂದ ತಾನೇ ಇಳಿಯುವುದು, ಅಲ್ಲೇ ತಡೆದರಾಯಿತು ಎಂದು ಪಾದ ಸಡಿಲ ಬಿಟ್ಟು ಮೊಣಕಾಲಿನ ಬಳಿ ಬಿಗಿದಳು. ಮರುದಿನ ಪಾದ ಚಪ್ಪಲಿಯೊಳಗೆ ಹೋಗಲಿಲ್ಲ.

"ಚಿಕ್ಕಮ್ಮಾ, ನೀರು ಮೇಲಕ್ಕೆ ಹೋಗ್ಬೇಕು. ನೀವು ದಾರೀಲೇ ಬಾಗಿಲು ಹಾಕಿದ್ದೀರಲ್ಲ!" ಎಂದು ಜಿಯಾಂಗ್ ನಕ್ಕ. ಪಾದದ ಕಡೆ ಬಿಗಿ, ಮೇಲೆ ಹೋದಂತೆ ಸಡಿಲ ಎಂದು ಮತ್ತೆ ಸುತ್ತಿ ತೋರಿಸಿದ.

"ಸರಿ, ಮೇಲಕ್ಕೆ ತಳ್ಳೋರ್ಯಾರು? ಬಟ್ಟೆಗೇನು ಕೈ ಇದ್ಯಾ?"

"ನೀವೇ ತಳ್ಳೋದು, ನಡೆದು. ಮೀನಖಂಡ ಉಬ್ಬಿ ಬಟ್ಟೆಗೆ ಒತ್ತಿದಾಗ ನೀರು ಮೇಲೇರುತ್ತೆ."

ಲುವಾನ್ ಸುಮ್ಮನೆ ನಂಬುವವಳಲ್ಲ. ಒಂದು ವಾರ ಪಟ್ಟಿ ಸುತ್ತಿಕೊಂಡು ಕುಳಿತೇ ಇದ್ದಳು. ಇನ್ನೊಂದು ವಾರ ದಿನಾ ದೇವಸ್ಥಾನದವರೆಗೆ ನಡೆದಳು. ಟೇಪು ಹಿಡಿದು ಅಳೆದರೆ, ಕುಳಿತ ವಾರ ಕಣಕಾಲು ಅರ್ಧ ಸೆಂಟಿಮೀಟರ್ ಇಳಿದಿತ್ತು, ನಡೆದ ವಾರ ಎರಡು.

ಬಾವು ಪೂರ್ತಿ ಹೋಗುವುದಿಲ್ಲ ಎಂದು ಜಿಯಾಂಗ್ ಹೇಳಿದ್ದಾನೆ. ನಿನ್ನೆ ನನ್ನ ಕೂದಲು ಕತ್ತರಿಸುತ್ತಾ ಆಕೆ ಹಿಮ್ಮಡಿ ಎತ್ತಿ ಇಳಿಸುತ್ತಿದ್ದಳು.

"ಅದೇನೇ?" ಎಂದೆ.

"ನಿಂತಲ್ಲೇ ನಡೆದ್ರೂ ಇಳಿಯುತ್ತಾ ನೋಡ್ತಿದ್ದೀನಿ. ತಲೆ ಅಲ್ಲಾಡಿಸ್ಬೇಡ."